ಗುಲಾಬಿ ಕುಲಾವಿ

ಸೆಪ್ಟೆಂಬರ್ 6, ಶನಿವಾರ

ಬೆಳಿಗ್ಗೆ ಹತ್ತಕ್ಕೆ ಕೊರಿಯರಿನವನು ಬೆಲ್ಲು ಒತ್ತಿದ. ನಾನು ಯಾವಾಗಿನಂತೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಅಮ್ಮನೇ ಸಹಿಯ ಬದಲು ಮನೆಯ ಮೊಹರು ಒತ್ತಿ ಡಬ್ಬ ಇಸಿದುಕೊಂಡಳು. ದೊಡ್ಡ ಡಬ್ಬ. ಅನ್ನ ಮಾಡುವ ಕುಕ್ಕರ್ ಇರಬಹುದು ಎಂದುಕೊಂಡೆ. ಹಳೆಯದರ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ, ಸಿಡಿದರೆ ಗತಿ ಏನು ಎಂದು ನಾನು ಒಂದು ತಿಂಗಳಿಂದ ಹೇಳುತ್ತಲೇ ಇದ್ದೆ.

ಕುಕ್ಕರ್ ಅಲ್ಲ. ಒಂದು ಫ್ರಾಕು. ಗುಲಾಬಿ ಬಣ್ಣ. ಮೂರು ಸುತ್ತು ನಿರಿಗೆ, ನಿರಿಗೆಯ ಅಂಚಿಗೆ ಲೇಸು, ಮೈತುಂಬ ಕೇಕಿನ ಚಿತ್ರ. ಕೆಳಗೆ ಕೊಡೆಯ ಹಾಗೆ ಉಬ್ಬಿ ನಿಲ್ಲಲು ಇನ್ನೊಂದು ಒಳಲಂಗ. ಅದರ ಜೊತೆಗೆ ಒಂದು ಕುಲಾವಿ. ಹಸುಗೂಸಿಗೆ ಹಾಕಿ ಗದ್ದದ ಕೆಳಗೆ ದಾರ ಕಟ್ಟುತ್ತಾರಲ್ಲ, ಅಂಥದ್ದೇ. ಆದರೆ ಅಳತೆ ದೊಡ್ಡವರ ತಲೆಯದು. ಸುತ್ತ ಬಟ್ಟೆಯ ಹೂಗಳು.

"ಯಾರಿಗಮ್ಮಾ ಇದು?"

"ನಂಗೆ."

"ಅರವತ್ತೊಂಬತ್ತು ವರ್ಷ ನಿಂಗೆ!"

"ಗೊತ್ತು. ಎಪ್ಪತ್ತಾಗೋಕೆ ಮುಂಚೆ ಹಾಕ್ಕೊಳೋಣ ಅಂತಾನೇ ತರಿಸಿದ್ದು."

ಟೀವಿಯಲ್ಲಿ ಇಂಥದ್ದೇ ಫ್ರಾಕು ಹಾಕಿಕೊಂಡು ಅಡ್ಡಾಡುವ ಹರಾಜುಕು ಬೀದಿಯ ಹುಡುಗಿಯರನ್ನು ತೋರಿಸುವಾಗ ಅಮ್ಮ ಶಾವಿಗೆ ತಿನ್ನುವುದನ್ನು ಬಿಟ್ಟು ನೋಡುತ್ತಿದ್ದದ್ದು ನನಗೆ ಗೊತ್ತಿತ್ತು. ಇಷ್ಟಕ್ಕೆ ಬರುತ್ತದೆ ಎಂದು ಗೊತ್ತಿರಲಿಲ್ಲ. "ಚಿಕ್ಕೋಳಿದ್ದಾಗ ಅಕ್ಕನ ಹಳೇ ಬಟ್ಟೆ. ಆಮೇಲೆ ನಲವತ್ತು ವರ್ಷ ಕಾರ್ಖಾನೆ ನೀಲಿ ಕೋಟು. ಈಗ ನಿಮ್ಮಪ್ಪ ಹೋದ್ಮೇಲೆ ಹತ್ತು ತಿಂಗಳಿಂದ ಕಪ್ಪು. ಸಾಕಾಯ್ತು ಕಣೇ," ಅಂದಳು.

ಆರೋಗ್ಯ ಕೇಂದ್ರದ ನರ್ಸಮ್ಮ ಫೋನಿನಲ್ಲಿ ಹೇಳಿದ್ದಾರೆ: ಹೆದರಿಕೆಯಾದದ್ದನ್ನೆಲ್ಲ ಬರೆದಿಡಿ, ತಲೆಯೊಳಗೆ ಇಟ್ಟುಕೊಳ್ಳಬೇಡಿ ಎಂದು. ನಾನು ಹದಿಮೂರಕ್ಕೆ ಶಾಲೆ ಬಿಟ್ಟವಳು, ಕಷ್ಟದ ಅಕ್ಷರಗಳು ಬರುವುದಿಲ್ಲ. ಬಂದಷ್ಟು ಬರೆಯುತ್ತೇನೆ. ಇವತ್ತಿನ ಹೆದರಿಕೆ: ಅಮ್ಮ ಇದನ್ನು ಹಾಕಿಕೊಂಡು ಬೀದಿಗೆ ಹೋದರೆ?

ಸೆಪ್ಟೆಂಬರ್ 10, ಬುಧವಾರ

ಹೋದಳು.

ಸೆಪ್ಟೆಂಬರ್ 17, ಬುಧವಾರ

ಪಕ್ಕದ ಮನೆಯ ನೆಗಿಶಿಯವರು ಓಣಿಯ ಸುತ್ತೋಲೆ ಹಲಗೆ ಕೊಡಲು ಬಂದಿದ್ದರು. ಹಲಗೆಗೆ ಸಿಕ್ಕಿಸಿದ ಕಾಗದ ಓದಿ, ಮೊಹರು ಒತ್ತಿ, ಮುಂದಿನ ಮನೆಗೆ ದಾಟಿಸಬೇಕು. ಅಮ್ಮ ಬಾಗಿಲಲ್ಲಿ ಹಲಗೆ ಇಸಿದುಕೊಂಡಳು, ನಾನು ಅಡಿಗೆಮನೆಯ ಪರದೆಯ ಹಿಂದೆ ನಿಂತಿದ್ದೆ.

"ಮಿನೆಕೊ ಸಾನ್, ಮೊನ್ನೆ ಸೂಪರ್ ಮಾರ್ಕೆಟ್ಟಲ್ಲಿ ನಿಮ್ಮನ್ನ ನೋಡ್ದೆ. ನಾನು ಕೇಕ್ ಅಂಗಡಿ ಜಾಹೀರಾತು ಅಂದ್ಕೊಂಡ್ಬಿಟ್ಟೆ!"

"ಹೌದಾ? ಮತ್ತೆ ಕೇಕ್ ಯಾಕ್ ತಗೊಳ್ಳಿಲ್ಲ?"

"ಚಳಿಗಾಲಕ್ಕೆ ಬೆಚ್ಚಗಿರುತ್ತೆ ಬಿಡಿ," ಎಂದು ನೆಗಿಶಿಯವರು ನಕ್ಕರು. ಆ ನಗು ನನಗೆ ಗೊತ್ತು. ಬಾಗಿಲು ದಾಟಿದ ಮೇಲೆ ಬಾಯಿಂದ ಬಾಯಿಗೆ ಹೋಗುವ ನಗು ಅದು.

ಅಷ್ಟೇ ಆಗಿದ್ದರೆ ಆಗುತ್ತಿತ್ತು. ಸಂಜೆ ಅಮ್ಮ ಬೆನ್ನು ತಿರುಗಿಸಿ ನಿಂತಳು. ಫ್ರಾಕಿನ ಬೆನ್ನಿಗೆ ಶೂಸಿನ ಲಾಡಿಯ ಹಾಗೆ ಅಡ್ಡಡ್ಡ ರಿಬ್ಬನ್ ಕಟ್ಟಬೇಕು, ಅವಳ ಕೈಗೆ ಎಟುಕದು. "ಕಟ್ಟು. ಕಟ್ಟಿ ಜೊತೆಗೆ ಬಾ. ಅಂಗಡೀಲಿ ಬಿಚ್ಚಿಹೋದ್ರೆ ಯಾರನ್ನ ಕೇಳ್ಲಿ? ಮೀನಿನವನ್ನ ಕೇಳ್ಲಾ?"

ಮೀನಿನವನನ್ನು ಕೇಳಿಯೇಬಿಡುವವಳು ಅವಳು. ಹೋದೆ. ಹತ್ತು ಹೆಜ್ಜೆ ಹಿಂದೆ ನಡೆದೆ, ನನಗೂ ಅವಳಿಗೂ ಸಂಬಂಧವಿಲ್ಲ ಎನ್ನುವ ಹಾಗೆ. ಎರಡು ಸಲ ರಿಬ್ಬನ್ ಸಡಿಲವಾಯಿತು, ಎರಡು ಸಲ ಓಡಿ ಹೋಗಿ ಕಟ್ಟಬೇಕಾಯಿತು. ಹಸಿಮೆಣಸು ಆರಿಸುತ್ತಿದ್ದವರೆಲ್ಲ ಕತ್ತೆತ್ತಿ ಅಮ್ಮನನ್ನೇ ನೋಡುತ್ತಿದ್ದರು. ಗಲ್ಲಾದ ಹುಡುಗಿಯೂ ಅವಳನ್ನೇ ನೋಡುತ್ತ ಚಿಲ್ಲರೆಯನ್ನು ನನ್ನ ಕೈಗೆ ಹಾಕಿದಳು. ತೋಫು, ಮೂಲಂಗಿ, ಸೋಯಾ ಹಿಂಡಿಯ ಕರಿದ ವಡೆ ನಾಲ್ಕು ತಂದೆ. ನನಗಾದ ನಾಚಿಕೆ ಬರೆಯಲು ಆಗುವುದಿಲ್ಲ.

ತೋಫು ಗಟ್ಟಿಯದನ್ನು ತರಬೇಕಿತ್ತು, ಮೆತ್ತಗಿನದು ತಂದುಬಿಟ್ಟಿದ್ದೇನೆ.

ಸೆಪ್ಟೆಂಬರ್ 28, ಭಾನುವಾರ

ರೈಲಿನಲ್ಲಿ ಹೋಗಿ ಬಂದೆವು. ಹರಾಜುಕುವಿಗೆ. ನಮ್ಮೂರು ಗ್ಯೋದಾದಿಂದ ಒಂದೂಕಾಲು ಗಂಟೆ. ಹೊರಡುವ ಮುಂಚೆ ಗ್ಯಾಸು ಏಳು ಸಲ ನೋಡಿದೆ. ನಾನು ಕೊನೆಯ ಸಲ ರೈಲು ಹತ್ತಿದ್ದು ಅಣ್ಣನ ಮದುವೆಗೆ.

ಬೋಗಿಯೊಳಗೆ ಎಲ್ಲರ ಕಣ್ಣೂ ಅಮ್ಮನ ಮೇಲೆ. ಅವಳು ಕೊಡೆ ಊರಿಕೊಂಡು ಅರಮನೆಯವಳ ಹಾಗೆ ಕೂತಿದ್ದಳು. ನಾನು ಪಕ್ಕದಲ್ಲಿ ಕಂದು ಜಾಕೀಟು ಹಾಕಿಕೊಂಡು ಕೂತಿದ್ದೆ. ಒಂದು ಕೂಸು ಅತ್ತಾಗ ಅಮ್ಮ ಕುಲಾವಿ ಅಲ್ಲಾಡಿಸಿದಳು, ಕೂಸು ಅಳು ನಿಲ್ಲಿಸಿತು, ಅದರ ತಾಯಿ ಕೈಮುಗಿಯುವಷ್ಟು ಬಾಗಿದಳು.

ಅಲ್ಲಿನ ಬೀದಿ ಮನೆಯ ಹಜಾರಕ್ಕಿಂತ ಸ್ವಲ್ಪ ಅಗಲ, ಜನ ಮಾತ್ರ ಊರಷ್ಟು. ಬ್ರೆಡ್ಡಿನ ಹಾಗಿರುವ ಕೈಚೀಲ, ಕರಿದ ಮೊಟ್ಟೆಯ ಹಾಗಿರುವ ತಲೆಕ್ಲಿಪ್ಪು, ಬಂಗಡೆ ಮೀನಿನ ಹೊಟ್ಟೆಗೆ ಜಿಪ್ಪು ಹಾಕಿದ ಪೆನ್ಸಿಲ್ ಚೀಲ, ಮಡಿಸಿದರೆ ಈರುಳ್ಳಿ ದಂಟಾಗುವ ಕೊಡೆ. ಸುತ್ತಿದರೆ ಅನ್ನದ ಮೇಲಿನ ಸೀಗಡಿಯಾಗುವ ಕಾಲುಚೀಲವನ್ನು ನಿಜವಾದ ಊಟದ ಡಬ್ಬದಲ್ಲಿಟ್ಟು ಮಾರುತ್ತಾರೆ. ಯಾರಾದರೂ ಹಸಿದವರು ತಿಂದುಬಿಟ್ಟರೆ ಯಾರು ಹೊಣೆ?

ಅಮ್ಮ ಫ್ರಾಕು ತರಿಸಿದ ಅಂಗಡಿಗೆ ಹೋದೆವು. ಅಲ್ಲಿ ಯುರಾ ಎಂಬ ಹುಡುಗಿ ಇದ್ದಾಳೆ, ಅರ್ಧ ತಲೆ ಹಸಿರು, ಅರ್ಧ ತಲೆ ಹಳದಿ. ಅಮ್ಮನನ್ನು ಕಂಡದ್ದೇ ಕೂಗಿದಳು: "ರಾಜಕುಮಾರಿಯೋರು ಬಂದ್ರು! ಅಯ್ಯೋ, ಎಷ್ಟ್ ಚೆಂದ ಕಾಣ್ತೀರಿ! ಜೊತೇಲಿರೋರು ಯಾರು, ದಾಸೀನಾ?"

"ದಾಸಿ ಅಲ್ಲ, ದರ್ಜಿ," ಅಂದಳು ಅಮ್ಮ. "ಬೆನ್ನು ಕಟ್ಟೋಳು."

"ಹಾಗಾದ್ರೆ ನಮ್ಮ ಕಡೆಯೋರೇ!" ಎಂದು ಯುರಾ ನನ್ನ ಕೈ ನೋಡಿದಳು. ತಾಬಿಯ ಕೊಕ್ಕೆ ಹೊಲಿದು ಹೊಲಿದು ನನ್ನ ತೋರುಬೆರಳು ಗಂಟುಗಟ್ಟಿದೆ. ಅಮ್ಮ ಕೆಲಸ ಮಾಡಿದ ಕಾರ್ಖಾನೆಯದೇ ತಾಬಿಗಳು, ಹೆಬ್ಬೆರಳಿಗೆ ಬೇರೆ ಗೂಡಿರುವ ಕಾಲುಚೀಲ. ಅಮ್ಮ ಗಂಟು ತಂದುಕೊಡುತ್ತಾಳೆ, ನಾನು ಮನೆಯಲ್ಲೇ ಕೂತು ಹಿಮ್ಮಡಿಯ ಹತ್ತಿರದ ಲೋಹದ ಕೊಕ್ಕೆ ಹೊಲಿಯುತ್ತೇನೆ, ಅಮ್ಮ ಒಯ್ದು ಕೊಡುತ್ತಾಳೆ. ಹಾಗಾಗಿ ನಾನು ಎಲ್ಲಿಗೂ ಹೋಗಬೇಕಾಗಿಲ್ಲ.

ಅಮ್ಮ ಕನ್ನಡಿಯ ಮುಂದೆ ಇದ್ದಾಗ ನಾನು ಒಂದು ಜೊತೆ ಕಾಲುಚೀಲ ಕೊಂಡೆ. ಮೇಲೆ ಪೂರ್ತಿ ಕಪ್ಪು, ಯಾರಿಗೂ ಏನೂ ತಿಳಿಯದು. ಅಂಗಾಲಿನಲ್ಲಿ ಮಾತ್ರ ಬೆಕ್ಕಿನ ಪಾದ, ಗುಲಾಬಿ ಬಣ್ಣದ ಮೆತ್ತೆ, ನಾಲ್ಕು ಚಿಕ್ಕದು ಒಂದು ದೊಡ್ಡದು. ನೆಲ ಒಂದೇ ನೋಡುವುದು. ಯಾಕೆ ಕೊಂಡೆನೋ ಗೊತ್ತಿಲ್ಲ. ಮನೆಗೆ ಬಂದು ಕಪಾಟಿನ ತಳದ ಖಾನೆಯಲ್ಲಿ ಬಚ್ಚಿಟ್ಟಿದ್ದೇನೆ.

ಇನ್ನೊಂದು ವಿಷಯ ಬರೆಯಬೇಕು. ಹಿಂದಕ್ಕೆ ಬರುವ ರೈಲಿನಲ್ಲಿ ಅಮ್ಮ ಗಡಿಯಾರ ನೋಡಿ, "ನಿಮ್ಮಪ್ಪ ಊಟಕ್ಕೆ ಕಾಯ್ತಿರ್ತಾರೆ, ಲೇಟಾಯ್ತು," ಅಂದಳು. ಆಮೇಲೆ ಅವಳೇ ಕಿಟಕಿಯ ಕಡೆ ತಿರುಗಿಕೊಂಡಳು.

ಅಕ್ಟೋಬರ್ 9, ಗುರುವಾರ

ಅನರ್ಥವಾಗಿದೆ. ನೆಗಿಶಿಯವರು ಬಂದು, "ಮೂರು ವಾರದ ಹಿಂದೆ ನಾನೇ ಕೈಗೆ ಕೊಟ್ಟ ಸುತ್ತೋಲೆ ಹಲಗೆ ನಿಮ್ಮಿಂದ ಮುಂದಕ್ಕೆ ಹೋಗೇ ಇಲ್ವಂತೆ," ಅಂದರು. ಅಮ್ಮ, ನಾನು ಅವತ್ತೇ ಕೊಟ್ಟೆನಲ್ಲ ಎಂದು ಹಟ ಹಿಡಿದಳು. ನಾನು ಹುಡುಕಿದೆ. ಫ್ರಾಕು ಬಂದ ಡಬ್ಬದಲ್ಲಿ, ತೆಳ್ಳನೆಯ ಕಾಗದದ ಮಡಿಕೆಯೊಳಗೆ, ಕುಲಾವಿಯ ಕೆಳಗೆ ಜೋಪಾನವಾಗಿ ಇತ್ತು. ನಮ್ಮ ಮೊಹರೂ ಒತ್ತಿತ್ತು.

ಅದರಲ್ಲಿ ಚರಂಡಿ ತೊಳೆಯುವ ಭಾನುವಾರದ ಸೂಚನೆ ಇತ್ತು. ನಮ್ಮಿಂದಾಚೆಯ ಐದು ಮನೆಯವರು ಬರಲಿಲ್ಲ, ಉಳಿದವರು ಅವರನ್ನು ಬಾಯಿಗೆ ಬಂದಂತೆ ಆಡಿಕೊಂಡಿದ್ದಾರೆ. ಎಲ್ಲ ನಮ್ಮಿಂದ.

ಐದು ಮನೆಗೂ ಸಿಹಿ ಡಬ್ಬ ಒಯ್ದು ತಪ್ಪೊಪ್ಪಿಗೆ ಹೇಳಿ ಬರಬೇಕಾಯಿತು. ಅಮ್ಮ ಗುಲಾಬಿ ಫ್ರಾಕಿನಲ್ಲೇ ಮುಂದೆ, ನಾನು ಹಿಂದೆ. ಎರಡು ಮನೆಯಲ್ಲಿ ಅಮ್ಮ ಸರಿಯಾಗಿ ಹೇಳಿದಳು. ಮೂರನೆಯ ಮನೆಯ ಬಾಗಿಲು ತೆರೆದಾಗ ಸುಮ್ಮನೆ ನಿಂತಳು. ನನ್ನ ಕಡೆ ತಿರುಗಿ ಮೆಲ್ಲಗೆ, "ಇಲ್ಲಿ ಯಾಕ್ ಬಂದ್ವೇ?" ಅಂದಳು. ಮುಖದಲ್ಲಿ ನಗು ಹಾಗೇ ಇತ್ತು.

ಅಲ್ಲಿಂದ ಮೂರು ಮನೆಯಲ್ಲಿ ನಾನೇ ಹೇಳಬೇಕಾಯಿತು. ಹೇಗೆ ಹೇಳಿದೆನೋ. ಬಾಗಿದ್ದಷ್ಟೇ ನೆನಪು. ಅಣ್ಣನಿಗೆ ತಿಳಿಯಬಾರದು. ಅವನಿಗೆ ತಿಳಿದರೆ ಅಮ್ಮನನ್ನು ಕರೆದುಕೊಂಡು ಹೋಗುತ್ತಾನೆ.

ನವೆಂಬರ್ 2, ಭಾನುವಾರ

ಬರುವ ಶನಿವಾರ ಅಪ್ಪನ ವರ್ಷದ ಪೂಜೆ, ದೇವಸ್ಥಾನದಲ್ಲಿ. ಅಣ್ಣ ಹಿದೆನೊರಿ ಹೋದ ವಾರವೇ ತಕಸಾಕಿಯಿಂದ ಫೋನು ಮಾಡಿದ್ದ. ಅಲ್ಲಿ ಪುರಸಭೆಯಲ್ಲಿ ಕೆಲಸ ಅವನಿಗೆ, ಮಾತೂ ಅರ್ಜಿ ನಮೂನೆಯ ಹಾಗೆ.

"ಚಿಗುಸಾ, ನೆಗಿಶಿ ಸಾನ್ ನಿನ್ ಅತ್ತಿಗೆಗೆ ಫೋಟೋ ಕಳಿಸಿದಾರೆ. ಏನದು?"

"ಬಟ್ಟೆ."

"ಬಟ್ಟೆ ಅಂತ ನಂಗೂ ಗೊತ್ತು. ಶನಿವಾರ ಅಮ್ಮ ಕಪ್ಪು ಹಾಕ್ಕೊಂಡ್ ಬರ್ಬೇಕು. ಮಾಮೂಲಿ ಕಪ್ಪು. ಅದು ನಿನ್ನ ಜವಾಬ್ದಾರಿ. ಇಷ್ಟಾದ್ರೂ ಮಾಡ್ತೀಯಾ?"

ಮಾಡುತ್ತೇನೆ ಅಂದೆ.

ಅಮ್ಮ ಗಲಾಟೆ ಮಾಡಲಿಲ್ಲ. "ಅವರಿಗೋಸ್ಕರ ಒಂದಿನ ಕಪ್ಪು ಹಾಕ್ಕೋತೀನಿ. ಆದ್ರೆ ಕಾಲಿಗೆ ನಾನೇ ಹೊಲಿದ ಬಿಳಿ ತಾಬಿ," ಅಂದಳು. ನಾಲ್ಕು ದಿನ ಕೂತು ಹೊಲಿದಳು. ಕಾರ್ಖಾನೆಯಲ್ಲಿ ಅವಳಷ್ಟು ಚೆನ್ನಾಗಿ ಹೆಬ್ಬೆರಳು ಸುತ್ತುವವರು ಇರಲಿಲ್ಲವಂತೆ. ಇವತ್ತು ಮುಗಿಸಿ, ಇಸ್ತ್ರಿ ಮಾಡಿ, ಜೊತೆ ಮಾಡಿ ನನ್ನ ಮುಂದೆ ಇಟ್ಟಳು. ಕೊಕ್ಕೆ ನೀನು ಹಾಕು ಅಂದಳು.

ಎರಡೂ ಎಡಗಾಲಿನವು.

ಹೊಲಿಗೆ ಒಂದೊಂದೂ ಮುತ್ತಿನ ಹಾಗಿದೆ. ಎರಡೂ ಎಡ. ಚೆಂದ ಇದೆ ಅಂದೆ. ಕೊಕ್ಕೆ ಹಾಕಿದೆ. ಬೆರಳಿಗೆ ಸೂಜಿ ಚುಚ್ಚಿತು, ಬಿಳಿ ಬಟ್ಟೆಗೆ ರಕ್ತ ಹತ್ತದ ಹಾಗೆ ಎಳೆದುಕೊಂಡೆ.

ನವೆಂಬರ್ 8, ಶನಿವಾರ

ಎಲ್ಲ ನನ್ನಿಂದ ಆಯಿತು. ಎಲ್ಲವನ್ನೂ ಬರೆಯುತ್ತೇನೆ.

ಬೆಳಿಗ್ಗೆ ಬೇಗ ಎದ್ದು ಎಡಗಾಲಿನ ತಾಬಿಗಳೆರಡನ್ನೂ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಅಣ್ಣ ನೋಡಿದರೆ ಮುಗಿಯಿತು ಎಂದು. ಅವುಗಳ ಬದಲು ಕಪಾಟಿನ ತಳದ ಖಾನೆಯಿಂದ ಒಂದು ಕಪ್ಪು ಕಾಲುಚೀಲದ ಉಂಡೆ ತೆಗೆದು ಅಮ್ಮನ ಬಟ್ಟೆಯ ಮೇಲೆ ಇಟ್ಟೆ. ಆಮೇಲೆ ಗ್ಯಾಸು ನೋಡಲು ಹೋದೆ. ಆಮೇಲೆ ನಲ್ಲಿ. ಆಮೇಲೆ ಮತ್ತೆ ಗ್ಯಾಸು. ಅಷ್ಟರಲ್ಲಿ ಅಮ್ಮ ಹಾಕಿಕೊಂಡು ಶೂಸು ಮೆಟ್ಟಿ ಹೊರಗೆ ನಿಂತಿದ್ದಳು. ತಾಬಿ ಎಲ್ಲಿ ಎಂದು ಒಂದು ಮಾತು ಕೇಳಲಿಲ್ಲ.

ದೇವಸ್ಥಾನದಲ್ಲಿ ಶೂಸು ಬಿಟ್ಟು ಒಳಗೆ ಹೋದೆವು. ಮೇಲಿನಿಂದ ನೋಡಿದರೆ ಬರೀ ಕಪ್ಪು. ಅಣ್ಣ ಅಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿ ನನ್ನ ಕಡೆ ತಲೆಯಾಡಿಸಿದ. ಅಣ್ಣ ನನ್ನನ್ನು ಮೆಚ್ಚಿ ತಲೆಯಾಡಿಸಿ ಎಷ್ಟು ವರ್ಷವಾಗಿತ್ತೋ.

ಗುರುಗಳು ಮಂತ್ರ ಶುರು ಮಾಡಿದರು. ಧೂಪದ ಪುಡಿ ಹಾಕಲು ಮೊದಲು ಹೆಂಡತಿ ಹೋಗಬೇಕು. ಅಮ್ಮ ಎದ್ದು ಮುಂದೆ ಹೋಗಿ ಬೆನ್ನು ನೆಟ್ಟಗೆ ಮಾಡಿ ಮಂಡಿಯೂರಿ ಕೂತಳು. ಮಂಡಿಯೂರಿ ಕೂತಾಗ ಅಂಗಾಲುಗಳು ಹಿಂದೆ ಕೂತವರ ಕಡೆಗೆ ತಿರುಗುತ್ತವೆ.

ಬೆಕ್ಕಿನ ಪಾದಗಳು. ಗುಲಾಬಿ. ನಾಲ್ಕು ಚಿಕ್ಕದು ಒಂದು ದೊಡ್ಡದು, ನಾಲ್ಕು ಚಿಕ್ಕದು ಒಂದು ದೊಡ್ಡದು.

ನನ್ನವು. ನಾನು ಬಚ್ಚಿಟ್ಟಿದ್ದವು. ಹದಿನಾಲ್ಕು ಜನ ಕಪ್ಪು ಬಟ್ಟೆ ಹಾಕಿಕೊಂಡು ಅಮ್ಮನ ಅಂಗಾಲು ನೋಡುತ್ತಿದ್ದರು. ಅತ್ತಿಗೆ ಕರ್ಚೀಫು ಬಾಯಿಗೆ ಒತ್ತಿಕೊಂಡಳು, ಅಳುವಿಗಲ್ಲ. ಅಪ್ಪನ ಅಕ್ಕ ಕೆಮ್ಮಿದರು. ಅಣ್ಣನ ಕತ್ತಿನ ಹಿಂಭಾಗ ಕೆಂಪಾಗುತ್ತಾ ಕಿವಿಯವರೆಗೆ ಹೋಯಿತು. ಗುರುಗಳಿಗೆ ಏನೂ ಕಾಣಿಸದು, ಅವರು ಮಂತ್ರ ಹೇಳುತ್ತಲೇ ಇದ್ದರು. ಅಮ್ಮ ಅಪ್ಪನ ಫೋಟೋದ ಮುಂದೆ ತುಂಬಾ ಹೊತ್ತು ಕೂತಳು.

ಹೊರಗೆ ಶೂಸಿನ ಕಟ್ಟೆಯ ಹತ್ತಿರ ಅಣ್ಣ ಹಲ್ಲು ಕಚ್ಚಿ, "ಅಮ್ಮಾ, ಕಾಲಲ್ಲಿ ಏನದು?" ಅಂದ.

ನಾನು ಬಗ್ಗಿ ನನ್ನ ಶೂಸು ಹುಡುಕತೊಡಗಿದೆ.

ಅಮ್ಮ ಒಂದು ಕಾಲು ಎತ್ತಿ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. "ಬೆಕ್ಕು," ಅಂದಳು. "ನನ್ ಕಾಲು, ನನ್ ಗಂಡ. ಅವರಿಗೆ ಬೆಕ್ಕು ಅಂದ್ರೆ ಇಷ್ಟ ಇತ್ತು. ನಿಂಗೇನು ಕಷ್ಟ?"

ಅಪ್ಪನಿಗೆ ಬೆಕ್ಕಿನ ಕೂದಲು ಮೂಗಿಗೆ ಆಗುತ್ತಿರಲಿಲ್ಲ. ಅದು ಅಣ್ಣನಿಗೂ ಗೊತ್ತು. ಅವನು ನನ್ನನ್ನು ಪಕ್ಕಕ್ಕೆ ಕರೆದು, "ನೋಡಿದ್ಯಾ? ಇದು ಹುಚ್ಚಾಟ ಅಲ್ಲ, ಕಾಯಿಲೆ. ಡಿಸೆಂಬರ್ ಮೂರಕ್ಕೆ ಕುಮಗಾಯ ಆಸ್ಪತ್ರೇಲಿ ಮರೆವಿನ ಪರೀಕ್ಷೆಗೆ ಹೆಸರು ಬರೆಸ್ತೀನಿ. ಸರಿ ಇಲ್ಲ ಅಂದ್ರೆ ಮನೆ ಮುಚ್ಚಿ ನನ್ನ ಮನೆ ಹತ್ರ ಇರೋ ವೃದ್ಧರ ಮನೆಗೆ ಸೇರಿಸೋದು. ನಿಂಗೆ ಏನಾದ್ರೂ ನೋಡೋಣ," ಅಂದ. ಆಮೇಲೆ ಬಗ್ಗಿ ಅಮ್ಮನ ಶೂಸಿನ ಪಟ್ಟಿ ತಾನೇ ಹಾಕಿದ.

ನಾನು ಹೇಳಬೇಕಾಗಿತ್ತು. ಮೂರು ಮಾತು. ಅದು ನನ್ನ ಕಾಲುಚೀಲ.

ನವೆಂಬರ್ 15, ಶನಿವಾರ

ಅಣ್ಣನಿಗೆ ಹೇಳೋಣ ಎಂದು ಫೋನು ಕೈಗೆತ್ತಿಕೊಂಡು ಇಟ್ಟೆ. ನಾಲ್ಕು ಸಲ.

ನವೆಂಬರ್ 23, ಭಾನುವಾರ

ಅಮ್ಮ ಕೇಳದಿದ್ದರೂ ಹೇಳಿದೆ, ಆ ಕಾಲುಚೀಲ ನನ್ನದು ಎಂದು. ಗೊತ್ತು, ಅಂದಳು. ಮೂಲಂಗಿ ಹೆಚ್ಚುತ್ತಿದ್ದಳು.

"ಮತ್ತೆ ಯಾಕೆ ಹಾಕ್ಕೊಂಡೆ?"

"ನೀನು ಇಟ್ಟಿದ್ದೆ, ಹಾಕ್ಕೊಂಡೆ. ಅಂಗಾಲು ಕಂಡಾಗ ಖುಷಿಯಾಯ್ತು. ನೀನು ಏನೋ ಒಂದು ಬೇಕು ಅಂತ ಕೊಂಡ್ಕೊಂಡಿದ್ಯಲ್ಲ ಅಂತ." ಆಮೇಲೆ, "ತಾಬಿ ಎಲ್ಲಿಟ್ಟೆ?" ಅಂದಳು. ಅಕ್ಕಿ ಡಬ್ಬದ ಹಿಂದಿನಿಂದ ತೆಗೆದು ಕೊಟ್ಟೆ. ಅವಳು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ತುಂಬಾ ಹೊತ್ತು ನೋಡಿದಳು. "ಓ," ಅಂದಳು. ಅಷ್ಟೇ. ಆ 'ಓ' ನನ್ನ ಕಿವಿಯಿಂದ ಹೋಗುತ್ತಿಲ್ಲ.

ಈ ವಾರ ಅಮ್ಮ ಹೊರಗೆ ಹೊರಡಲಿಲ್ಲ. ಫ್ರಾಕಿನ ಕೆಳಗಿನ ನಿರಿಗೆ ಬಿಚ್ಚಿತ್ತು, ನಾನು ಹೊಲಿದೆ. ಕಾರ್ಖಾನೆಗೆ ಕೊಕ್ಕೆ ಗಂಟು ಕೊಡುವುದು ತಡವಾಗಿತ್ತು, ಕೊಟ್ಟು ಬಂದೆ. ಸೈಕಲ್ಲಿನ ಮುಂದಿನ ಚಕ್ರಕ್ಕೆ ಗಾಳಿ ಕಡಿಮೆ ಇದೆ, ಯಾರಿಗಾದರೂ ಡಿಕ್ಕಿಯಾದರೆ ಎಂದು ದಾರಿಯುದ್ದ ಚಿಂತೆ.

ಡಿಸೆಂಬರ್ 3, ಬುಧವಾರ

ಇವತ್ತು ಪರೀಕ್ಷೆ.

ಅಣ್ಣ ಕಟ್ಟಪ್ಪಣೆ ಮಾಡಿದ್ದ, "ಆ ವೇಷ ಬೇಡ." ಅಮ್ಮ ಬೂದು ಕೋಟು ಹಾಕಿಕೊಂಡಳು. ಆದರೆ ಕುಲಾವಿಯನ್ನು ತೆಳ್ಳನೆಯ ಕಾಗದದಲ್ಲಿ ಸುತ್ತಿ ನನ್ನ ಚೀಲಕ್ಕೆ ತುರುಕಿದಳು. "ಪರೀಕ್ಷೆ ಪಾಸಾದ್ರೆ ಬರೋವಾಗ ಹಾಕ್ಕೋತೀನಿ."

ಬೂದು ಕೋಟಿನಲ್ಲಿ ಅಮ್ಮ ಎಷ್ಟು ಚಿಕ್ಕವಳು. ಗೋಡೆಗೆ ಹತ್ತಿಕೊಂಡು ನಡೆದಳು. ಪ್ಲಾಟ್‌ಫಾರಮಿನಲ್ಲಿ ಶಾಲೆಯ ಹುಡುಗಿಯರ ಗುಂಪು ಏನಕ್ಕೋ ನಕ್ಕಿತು. ಅಮ್ಮ ತಟ್ಟನೆ ನಿಂತು ನನ್ನ ತೋಳು ಹಿಡಿದುಕೊಂಡಳು. ಉಗುರು ನಾಟುವಷ್ಟು ಗಟ್ಟಿ.

"ಚಿಗುಸಾ, ಎಲ್ಲಾರೂ ನನ್ನೇ ನೋಡ್ತಿದಾರೆ ಕಣೇ."

ಯಾರೂ ನೋಡುತ್ತಿರಲಿಲ್ಲ.

ಆ ಮಾತು ನನ್ನದು. ಹದಿಮೂರು ವರ್ಷದವಳಿದ್ದಾಗ ಶಾಲೆಯ ಗೇಟಿನ ಮುಂದೆ ನಾನು ಹೇಳಿದ್ದು ಅದೇ ಮಾತು, ಹೀಗೇ ಅವಳ ತೋಳು ಹಿಡಿದುಕೊಂಡು. ಅಮ್ಮ ಅವತ್ತು, ಯಾರೂ ನೋಡ್ತಿಲ್ಲ ಸುಮ್ನಿರು ಅನ್ನಲಿಲ್ಲ. ತಲೆಗೆ ಕಟ್ಟಿದ್ದ ಕಾರ್ಖಾನೆಯ ಬಟ್ಟೆ ಬಿಚ್ಚಿ ನನ್ನ ತಲೆಗೆ ಹೊದಿಸಿ, ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮನೆಗೆ ತಂದಳು. ಆ ದಿನ ಅವಳು ಕೆಲಸಕ್ಕೆ ತಡವಾಗಿ ಹೋಗಿ ಎಲ್ಲರ ಮುಂದೆ ಬೈಸಿಕೊಂಡಳಂತೆ. ಆಮೇಲೆ ಯಾರೋ ಹೇಳಿ ತಿಳಿಯಿತು.

ರೈಲು ಬರಲು ಎರಡು ನಿಮಿಷ ಇತ್ತು. ಚೀಲದಿಂದ ಕುಲಾವಿ ತೆಗೆದೆ. ಅಮ್ಮನಿಗೆ ಹಾಕೋಣ ಎಂದುಕೊಂಡೆ, ಅವಳು ತಲೆ ಹಿಂದಕ್ಕೆ ಎಳೆದುಕೊಂಡಳು. ಏನು ಮಾಡುವುದು ತಿಳಿಯದೆ ನನ್ನ ತಲೆಗೇ ಹಾಕಿಕೊಂಡೆ. ಗದ್ದದ ಕೆಳಗೆ ರಿಬ್ಬನ್ ಕಟ್ಟಿದೆ. ಬಟ್ಟೆಯ ಹೂವು ಕಿವಿಗೆ ಚುಚ್ಚುತ್ತದೆ, ಅಮ್ಮ ಹೇಗೆ ತಡೆದುಕೊಳ್ಳುತ್ತಿದ್ದಳೋ.

"ಈಗ ನೋಡು," ಅಂದೆ.

ಶಾಲೆಯ ಹುಡುಗಿಯರು ನೋಡಿದರು. ಚೀಲ ಹೊತ್ತ ಆಫೀಸಿನವರು ನೋಡಿದರು. ಎದುರಿನ ಪ್ಲಾಟ್‌ಫಾರಮಿನವರೂ ನೋಡಿದರು. ಕಂದು ಜಾಕೀಟಿಗೆ ಗುಲಾಬಿ ಕುಲಾವಿ. ಅಮ್ಮ ಸುತ್ತ ಕಣ್ಣಾಡಿಸಿ, ನಿಧಾನವಾಗಿ ನನ್ನ ತೋಳು ಬಿಟ್ಟಳು. ಆಮೇಲೆ ನನ್ನ ಗದ್ದದ ಹತ್ತಿರ ಕೈ ತಂದು, "ಗಂಟು ಸೊಟ್ಟಗಿದೆ," ಎಂದು ಬಿಚ್ಚಿ ಕಟ್ಟಿದಳು.

ರೈಲು ಹತ್ತಿದೆವು. ಒಂದೇ ನಿಲ್ದಾಣ.

ಆಸ್ಪತ್ರೆಯ ಬಾಗಿಲಲ್ಲಿ ಅಣ್ಣ ನಿಂತಿದ್ದ. ನಮ್ಮನ್ನು ಕಂಡು ಅವನ ಬಾಯಿ ತೆರೆದುಕೊಂಡಿತು. "ಈಗ ನಿಂಗೂನಾ?" ಅಂದ. ಅಷ್ಟರಲ್ಲಿ ಅಮ್ಮನ ಹೆಸರು ಕೂಗಿದರು.

ಡಾಕ್ಟರು ಮೂರು ಮಾತು ಹೇಳಿ ನೆನಪಿಟ್ಟುಕೊಳ್ಳಿ ಅಂದರು. ಮಡಕೆ, ಬೆಕ್ಕು, ಸೇತುವೆ. ಗಡಿಯಾರದ ಚಿತ್ರ ಬರೆಸಿದರು. ಅಂಕಿಗಳೆಲ್ಲ ಒಂದೇ ಪಕ್ಕಕ್ಕೆ ಗುಂಪುಗೂಡಿದವು. ನೂರರಿಂದ ಏಳೇಳು ಕಳೆಯಲು ಹೇಳಿದರು, ತೊಂಬತ್ತಮೂರಕ್ಕೆ ನಿಂತಳು. ಆಮೇಲೆ, "ಆಗ ಹೇಳಿದ ಮೂರು ಮಾತು ಯಾವ್ದು?" ಅಂದರು. ಅಮ್ಮ ಕಿಟಕಿ ನೋಡಿದಳು, ಮೇಜು ನೋಡಿದಳು, ಬಗ್ಗಿ ನನ್ನ ಪಾದ ನೋಡಿದಳು.

"ಬೆಕ್ಕು," ಅಂದಳು. "ಉಳಿದದ್ದು ಗೊತ್ತಿಲ್ಲ. ಬೆಕ್ಕು ಇತ್ತು."

ಶುರುವಾಗಿದೆ, ಅಂದರು ಡಾಕ್ಟರು. ಮೊದಲ ಹಂತ. ಮಾತ್ರೆ ಕೊಡುತ್ತಾರೆ. ಗುಣವಾಗುವುದಿಲ್ಲ, ನಿಧಾನ ಮಾಡಬಹುದು. ಇಷ್ಟವಾದದ್ದನ್ನು ಬಿಡಿಸಬೇಡಿ, ದಿನಾ ಹೊರಗೆ ಕರೆದುಕೊಂಡು ಹೋಗಿ, ಒಂಟಿಯಾಗಿ ಬಿಡಬೇಡಿ.

ಮೊಗಸಾಲೆಯಲ್ಲಿ ಅಣ್ಣ ಹಣೆ ಹಿಡಿದುಕೊಂಡು ಕೂತ. "ಕೇಳಿಸ್ತಲ್ಲ? ಯಾರು ಕರ್ಕೊಂಡ್ ಹೋಗ್ತಾರೆ ದಿನಾ? ಅದಕ್ಕೇ ವೃದ್ಧರ ಮನೆ ಅಂದಿದ್ದು."

"ಅಣ್ಣಾ, ಆ ಕಾಲುಚೀಲ ನಂದು," ಅಂದೆ.

"ಯಾವ ಕಾಲುಚೀಲ?"

"ಬೆಕ್ಕಿಂದು. ನಾನು ಹರಾಜುಕುವಲ್ಲಿ ಕೊಂಡಿದ್ದು. ಅವತ್ತು ನಾನೇ ತಪ್ಪಿ ಇಟ್ಟಿದ್ದು. ಅಮ್ಮ ನನ್ನ ಉಳ್ಸೋಕೆ ಸುಳ್ಳು ಹೇಳಿದ್ಳು. ಅವಳು ಎರಡೂ ಎಡಗಾಲಿನ ತಾಬಿ ಹೊಲಿದಿದ್ಳು, ಅದನ್ನ ಬಚ್ಚಿಟ್ಟೋಳೂ ನಾನೇ. ಸುತ್ತೋಲೆ ಹಲಗೇನೂ ಅವಳು ಮರೆತಿದ್ಳು. ಅದನ್ನೂ ನಿಂಗೆ ಹೇಳ್ಲಿಲ್ಲ. ಕಾಯಿಲೆ ನಿಜ ಅಣ್ಣ. ಕಾಲುಚೀಲ ಮಾತ್ರ ಕಾಯಿಲೆ ಅಲ್ಲ."

ಅಣ್ಣ ನನ್ನನ್ನು ನೋಡಿದ. ಕುಲಾವಿಯನ್ನಲ್ಲ.

"ನೀನು ಅಂಚೆ ಕಚೇರಿಗೆ ಹೋಗಲ್ಲ, ಚಿಗುಸಾ. ಬೆಲ್ಲು ಹೊಡೆದ್ರೆ ಬಚ್ಚಲಿಗೆ ಹೋಗ್ತೀಯ. ಅಮ್ಮನ್ನ ನೀನು ಹೇಗೆ..."

"ಅವಳು ಬರ್ತಾಳೆ," ಅಂದಳು ಅಮ್ಮ. ಮಾತ್ರೆಯ ಚೀಟಿಯನ್ನು ಮಡಿಸಿ ದೋಣಿ ಮಾಡುತ್ತಿದ್ದಳು. "ಬೆನ್ನು ಕಟ್ಟೋಳು ಬೇಕಲ್ಲ ನಂಗೆ."

ಅಣ್ಣನ ಮುಖ ಒಂದು ಥರ ಆಯಿತು. ನಗುತ್ತಾನೋ ಅಳುತ್ತಾನೋ ತಿಳಿಯಲಿಲ್ಲ. ಏಪ್ರಿಲ್ ತನಕ ನೋಡೋಣ ಅಂದ. ತಿಂಗಳಿಗೊಮ್ಮೆ ಆಸ್ಪತ್ರೆಗೆ ತಾನೂ ಬರುತ್ತೇನೆ ಅಂದ. ಹೊರಡುವಾಗ, "ಅದನ್ನ ತೆಗಿಯೋ ಹೊತ್ತಾಗ್ಲಿಲ್ವಾ?" ಅಂದ. ಏನನ್ನು ಎಂದು ನನಗೆ ಹೊಳೆಯಲಿಲ್ಲ.

ಬರುವಾಗ ತೋಫು ತಂದೆವು, ಗಟ್ಟಿಯದು. ಸೈಕಲ್ಲಿನ ಚಕ್ರಕ್ಕೆ ಗಾಳಿ ಹಾಕಿಸಿದೆ. ಮನೆಯ ಕನ್ನಡಿ ನೋಡಿದಾಗಲೇ ತಿಳಿದದ್ದು, ಕುಲಾವಿ ತಲೆಯ ಮೇಲೇ ಇತ್ತು. ರಿಬ್ಬನ್ನು ಸುಕ್ಕಾಗಿದೆ. ಇಸ್ತ್ರಿ ಮಾಡಿದರೆ ಹೊಳಪು ಹೋದೀತೇ?

ಡಿಸೆಂಬರ್ 29, ಸೋಮವಾರ

ಚಿಂತೆಗಳು ಬಹಳ ಇವೆ, ಬರೆಯದೆ ಮೂರು ವಾರದ ಮೇಲಾಯಿತು.

ಜನವರಿ ಎರಡರಂದು ಯುರಾಳ ಅಂಗಡಿಯಲ್ಲಿ ಹೊಸವರ್ಷದ ಅದೃಷ್ಟದ ಚೀಲ ಮಾರುತ್ತಾರೆ. ಬಾಯಿ ಮುಚ್ಚಿದ ಚೀಲ, ಒಳಗೆ ಏನಿದೆಯೆಂದು ಕೊಂಡ ಮೇಲೆಯೇ ಗೊತ್ತು. ಬೆಳಿಗ್ಗೆ ಬೇಗ ಹೋಗಿ ಸಾಲು ನಿಲ್ಲಬೇಕು. ಸಾಲಿನಲ್ಲಿರುವಾಗ ಅಮ್ಮನಿಗೆ ಒಂದಕ್ಕೆ ಬಂದರೆ? ಯಾಕೆ ನಿಂತಿದ್ದೇವೆ ಎಂದು ಮರೆತು ಹೊರಟುಬಿಟ್ಟರೆ? ಫ್ರಾಕಿನ ಒಳಗೆ ನಮ್ಮ ವಿಳಾಸ, ನನ್ನ ಫೋನು ನಂಬರು ಹೊಲಿದಿದ್ದೇನೆ. ನಿನ್ನೆ ಅವಳು ನನ್ನನ್ನು ಒಂದು ಸಲ ಅಕ್ಕಾ ಎಂದು ಕರೆದಳು. ಒಂದೇ ಸಲ.

ಹೊಸ ಸುತ್ತೋಲೆ ಹಲಗೆ ಬಂದಿತ್ತು, ಮೊಹರು ಒತ್ತಿ ಮುಂದಿನ ಮನೆಗೆ ಕೊಟ್ಟು ಬಂದೆ. ದಾರಿಯಲ್ಲಿ ಸಿಕ್ಕ ನೆಗಿಶಿಯವರು, "ತಾಯಿ ಮಗಳು ಇಬ್ರೂ ಕೇಕ್ ಅಂಗಡೀಗ್ ಸೇರ್ಕೊಂಡ್ರಾ?" ಅಂದರು. ಹೌದು, ಹುಟ್ಟಿದಹಬ್ಬಕ್ಕೆ ಹೇಳಿ, ತರುತ್ತೇವೆ ಅಂದೆ. ಹಾಗೆ ಹೇಳಬಾರದಿತ್ತೇ? ಬೇಜಾರು ಮಾಡಿಕೊಂಡರೋ ಏನೋ.

ಸಾಲಿನಲ್ಲಿ ಕಾಲು ಮರಗಟ್ಟುತ್ತದೆ. ಅದೇ ದೊಡ್ಡ ಚಿಂತೆ. ಅಮ್ಮ ಆ ಎಡಗಾಲಿನ ತಾಬಿಗಳನ್ನೇ ಮನೆಯಲ್ಲಿ ಹಾಕಿಕೊಂಡು ಓಡಾಡುತ್ತಾಳೆ, ಬಲಗಾಲಿನ ಹೆಬ್ಬೆರಳಿಗೆ ಜಾಗ ಇಲ್ಲದೆ ಕುಂಟುತ್ತಾಳೆ. ತೆಗಿ ಎಂದರೆ ತೆಗೆಯುವುದಿಲ್ಲ. ಅದಕ್ಕೇ ಕಾರ್ಖಾನೆಗೆ ಹೋಗಿ ದಪ್ಪ ಬಿಳಿ ಬಟ್ಟೆಯ ತುಂಡು ಕೇಳಿ ತಂದೆ. ನಾನು ಇಷ್ಟು ವರ್ಷ ಕೊಕ್ಕೆ ಮಾತ್ರ ಹೊಲಿದವಳು, ಇಡೀ ತಾಬಿ ಹೊಲಿದವಳಲ್ಲ. ಅಮ್ಮ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾಳೆ: "ಅಲ್ಲಲ್ಲ, ಹೆಬ್ಬೆರಳ ತುದೀಲಿ ಸಣ್ಣ ಹೊಲಿಗೆ. ಇನ್ನೂ ಸಣ್ಣ. ಹಾಂ, ಹಾಗೆ." ಅದು ಅವಳಿಗೆ ಮರೆತಿಲ್ಲ.

ಎರಡೂ ಬಲಗಾಲಿನವು ಹೊಲಿಯುತ್ತಿದ್ದೇನೆ. ಮುಗಿದರೆ ಎರಡು ಜೊತೆಯಾಗುತ್ತದೆ. ಇಬ್ಬರ ಪಾದವೂ ಒಂದೇ ಅಳತೆ.

ಎರಡನೆಯದರ ಹೆಬ್ಬೆರಳು ಸ್ವಲ್ಪ ಸೊಟ್ಟ ಬಂದಿದೆ. ಅದನ್ನು ನಾನು ಹಾಕಿಕೊಳ್ಳುತ್ತೇನೆ.